ಯಾರದ್ದಾದರೇನು ಎನ್ನುವವರಿಗೆ

ಧೈರ್ಯ ತುಂಬುವ ಮಾತು ಯಾರದ್ದಾದರೇನು ಎಂಬ ವಾದ ಸೋಮಾರಿತನದ್ದು. ಎದ್ದೇಳಿರೆಂಬ ಕರೆಯ ಕೆಳಗೆ ಗೋಡೆ, ಕ್ಯಾಲೆಂಡರ್, ಮೊಬೈಲಿನಲ್ಲೆಲ್ಲ ವಿವೇಕಾನಂದರ ಹೆಸರೊಂದೇ. ಅವರು ಅದನ್ನು ಎತ್ತಿಕೊಂಡದ್ದು ಕಠೋಪನಿಷತ್ತಿನಿಂದ. ಅಲ್ಲಿ ಅದು ಸಾವಿನ ಮನೆಬಾಗಿಲಲ್ಲಿ ಹೆದರದೆ ಕಾದ ಹುಡುಗ ನಚಿಕೇತನಿಗೆ ಯಮ ಮಾಡುವ ಬೋಧೆಯ ನಡುವೆ ಬರುತ್ತದೆ. ಎಲ್ಲರೂ ಹೆದರುವವನ ಬಾಯಲ್ಲೇ ಎಚ್ಚರದ ಮಾತು! ಮೂಲ ಅಳಿಸಿದರೆ ಮೊದಲು ಹೋಗುವುದು ಈ ಸೊಗಸೇ.

ಆಮೇಲೆ ಹೋಗುವುದು ಸಂದರ್ಭ. ಭಯವೊಂದಕ್ಕೇ ಭಯಪಡಬೇಕೆಂದು ರೂಸ್‌ವೆಲ್ಟ್ ಹೇಳಿದ್ದು 1933ರ ಮಾರ್ಚ್ 4ರಂದು, ಅಮೆರಿಕದ ಬ್ಯಾಂಕುಗಳು ಬಾಗಿಲು ಹಾಕುತ್ತಿದ್ದಾಗ. ಚರ್ಚಿಲ್ ಹೆಸರು ಅಂಟಿಸಿದರೆ ಅದೇ ಯುದ್ಧದ ಮಾತಾಗಿಬಿಡುತ್ತದೆ.

ನಮ್ಮ ಹಿರೇಹಳ್ಳಿಯ ತೋಟಗಾರಿಕೆ ಕೇಂದ್ರದವರು ಗುಬ್ಬಿ ತಾಲ್ಲೂಕಿನ ಕೆಂಪು ತೊಳೆಯ ಹಲಸಿಗೆ, ಮರ ನೆಟ್ಟವರ ನೆನಪಿಗೆಂದು, ‘ಸಿದ್ದು’ ಎಂದೇ ಹೆಸರಿಟ್ಟರು. ಹಲಸಿಗೆ ಸಿಕ್ಕ ಮರ್ಯಾದೆ ಉಪನಿಷತ್ತಿಗೆ ಬೇಡವೇ, ಸ್ವಾಮಿ?