ಮುರಿದ ಸ್ವಿಚ್ಚು ಮತ್ತು ನಮ್ಮ ವಿದ್ಯೆ

ಕೈಕೆಲಸವನ್ನು ಕೀಳೆಂದು ಕಾಣುವುದೇ ವಿದ್ಯಾವಂತರ ಲಕ್ಷಣವೆಂಬ ಭ್ರಾಂತಿ ನಮ್ಮಲ್ಲಿ ಹಲವರಿಗಿದೆ. ನನಗೂ ಇತ್ತು. ಅದನ್ನು ಬಿಡಿಸಿದ್ದು ಒಂದು ಮುರಿದ ಸ್ವಿಚ್ಚು.

ಮನೆಯ ಹಳೆಯ ಕಂಪ್ಯೂಟರಿಗೆಂದು ರೇಡಿಯಾನ್ ಎಚ್.ಡಿ. 6950 ಎಂಬ ಗ್ರಾಫಿಕ್ಸ್ ಕಾರ್ಡನ್ನು ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡೆ. 2010ರಲ್ಲಿ ಬಂದ ಈ ಕಾರ್ಡಿನಲ್ಲಿ ಎರಡು ಬಯಾಸ್‌ಗಳುಂಟು. ಒಂದು ಕೆಟ್ಟರೆ ಇನ್ನೊಂದಕ್ಕೆ ಬದಲಾಯಿಸಲು ಅಂಚಿನಲ್ಲೊಂದು ಪುಟ್ಟ ಸ್ವಿಚ್ಚು. ಕೂಡಿಸುವಾಗ ಅದರ ಕಡ್ಡಿ ಅರ್ಧಕ್ಕೆ ಸರಿದು ಮುರಿಯಿತು, ಪರದೆ ಕತ್ತಲಾಯಿತು. “ಬಿಸಾಡಿ, ಹೊಸದು ಕೊಳ್ಳಿ” ಎಂದರು ಅಂಗಡಿಯವರು.

ನಾಲ್ಕನೆಯ ತರಗತಿ ದಾಟದ ನನ್ನ ತಂದೆಯವರು ಪಂಪ್‌ಸೆಟ್ ಮೋಟಾರುಗಳಿಗೆ ವೈಂಡಿಂಗ್ ಮಾಡುವವರು. “ಮುರಿದದ್ದು ಕಡ್ಡಿ ತಾನೆ ಮಗಾ, ಒಳಗಿನದು ಕೆಟ್ಟಿದೆಯೆಂದು ಯಾರು ನೋಡಿದರು?” ಎಂದರು. ಕರೆಂಟು ತೆಗೆಸಿ, ಕಾಯಿಲು ಜಾರದಂತೆ ಸಿಕ್ಕಿಸುವ ಬಿದಿರುಕಡ್ಡಿಯನ್ನು ಸೂಜಿಯಂತೆ ಹೆರೆದು, ಉಳಿದಿದ್ದ ಬುಡವನ್ನು ಒಂದು ತುದಿಗೆ ಸರಿಸಿದರು. ಪರದೆ ಬೆಳಗಿತು.

ಬಿ.ಎ. ಓದುತ್ತಿರುವ ನನಗೆ ಹೊಳೆಯದ ಪ್ರಶ್ನೆ ಅವರಿಗೆ ಹೊಳೆಯಿತು. ಆದರೆ ಅವರ ವೃತ್ತಿಯನ್ನು ಕಾಲೇಜಿನಲ್ಲಿ ಹೇಳಿಕೊಳ್ಳಲು ನಾಚಿದವನು ನಾನೇ! ಪರೀಕ್ಷಿಸದೆ ಬಿಸಾಡುವುದನ್ನು ವಿದ್ಯೆಯೆನ್ನಬಹುದೆ?

ರಿಪೇರಿಯ ಹಕ್ಕನ್ನು ಕುರಿತು ಕೇಂದ್ರ ಸರ್ಕಾರವು 2022ರಲ್ಲಿ ಸಮಿತಿಯನ್ನು ರಚಿಸಿತು. ಸಂತೋಷವೇ. ಆದರೆ ಕಾನೂನು ಹಕ್ಕನ್ನು ಕೊಟ್ಟೀತು, ಕೈಯ ಕೌಶಲವನ್ನು ಕೊಡಲಾರದು. ಅದನ್ನು ಕಲಿಯಬೇಕಾದವರು ನಾವು. ಆದುದರಿಂದ ಗುರುಗಳಲ್ಲಿ ನನ್ನ ವಿನಂತಿ: ಕಲಾ ವಿದ್ಯಾರ್ಥಿಗಳಿಗೂ ವಾರಕ್ಕೊಂದು ಗಂಟೆ ರಿಪೇರಿಗೆ ಮೀಸಲಾಗಲಿ, ಊರಿನ ಮೆಕ್ಯಾನಿಕ್ಕುಗಳೇ ಬಂದು ಕಲಿಸಲಿ. ಮೊದಲ ದಿನ ನನ್ನ ತಂದೆಯವರನ್ನು ಕರೆತರಲು ನನಗೀಗ ನಾಚಿಕೆಯಿಲ್ಲ.