ದಮ್ಮು ಬಂದದ್ದು ವಂಶದಿಂದಲೋ, ಒಲೆಯಿಂದಲೋ?

1980ರ ದಶಕದ ಕೊನೆಯಲ್ಲಿ ನಾನು ಕಂದಾಯ ಇಲಾಖೆಯ ಕೆಲಸದ ಮೇಲೆ ಅವಿಭಜಿತ ಧಾರವಾಡ ಜಿಲ್ಲೆಯ ಹಿರೇಕೆರೂರು ತಾಲ್ಲೂಕಿನಲ್ಲಿ ಓಡಾಡುತ್ತಿದ್ದೆ. ಇಂದು ಹಾವೇರಿ ಜಿಲ್ಲೆಯಲ್ಲಿ ತಾನೇ ಒಂದು ತಾಲ್ಲೂಕು ಕೇಂದ್ರವಾಗಿರುವ ರಟ್ಟೀಹಳ್ಳಿ ಆಗ ಅದರೊಳಗಿತ್ತು. ಮಾಸಾಶನದ ಅರ್ಜಿಯೊಂದರ ಪರಿಶೀಲನೆಗೆಂದು ಅಲ್ಲಿನ ಒಂದು ಮನೆಗೆ ಹೋದಾಗ, ಅರ್ಜಿ ಸಲ್ಲಿಸಿದ್ದ ಮಹಿಳೆ ನಾಲ್ಕು ಮಾತಿಗೊಮ್ಮೆ ನಿಂತು ಉಸಿರೆಳೆದುಕೊಳ್ಳುತ್ತಿದ್ದರು. ಬೀಡಿ ಮುಟ್ಟಿದವರಲ್ಲ. ಎಂದಿನಿಂದ ಹೀಗೆ ಎಂದು ಕೇಳಿದೆ. ‘ನಮ್ಮ ವಂಶಕ್ಕ ದಮ್ಮು ಐತ್ರಿ ಸಾಹೇಬ್ರ. ನಮ್ಮ ಅತ್ತಿಗೂ ಇತ್ತು, ಅವರ ಅತ್ತಿಗೂ ಇತ್ತಂತ’ ಎಂದರು. ವರದಿಯಲ್ಲಿ ‘ವಂಶಪಾರಂಪರ್ಯ ಕಾಯಿಲೆ’ ಎಂದು ಬರೆದು ಬಂದೆ.

ಆ ಉತ್ತರದಲ್ಲಿದ್ದ ವಿಚಿತ್ರ ನನಗೆ ಹೊಳೆದದ್ದು ಬಹಳ ವರ್ಷಗಳ ನಂತರ. ಅತ್ತೆಯಿಂದ ಸೊಸೆಗೆ ರಕ್ತ ಹರಿದುಬರುವುದಿಲ್ಲ. ಹರಿದುಬರುವುದು ಅಡುಗೆಮನೆ. ಕಿಟಕಿಯಿಲ್ಲದ ಅದೇ ಕೋಣೆ, ಅದೇ ಒಲೆ, ಹತ್ತಿ ಕಟ್ಟಿಗೆ ಮತ್ತು ಕುಳ್ಳಿನ ಅದೇ ಹೊಗೆ. ಆದರೆ ನಮ್ಮ ಕಡೆ ಅಕ್ಕನ ಮಗಳನ್ನು, ಸೋದರತ್ತೆಯ ಮಗಳನ್ನು ತರುವ ರೂಢಿಯೂ ಇರುವುದರಿಂದ ಎಷ್ಟೋ ಮನೆಗಳಲ್ಲಿ ಅತ್ತೆ-ಸೊಸೆ ರಕ್ತಸಂಬಂಧಿಗಳೂ ಹೌದು. ಒಲೆಯ ಪಾಲೆಷ್ಟು, ರಕ್ತದ ಪಾಲೆಷ್ಟು ಎಂದು ಕಣ್ಣಳತೆಯಲ್ಲಿ ಹೇಳುವುದು ಸಾಧ್ಯವಿಲ್ಲ.

ವಿಜ್ಞಾನ ಏನನ್ನುತ್ತದೆ? ಶ್ವಾಸಕೋಶದ ಬಲಕ್ಕೆ ವಂಶವಾಹಿಗಳ ಕೊಡುಗೆ ಇದೆ ಎಂಬುದು ನಿರ್ವಿವಾದ. 1963ರಲ್ಲಿ ಸ್ವೀಡನ್ನಿನ ಲಾರೆಲ್ ಮತ್ತು ಎರಿಕ್ಸನ್, ರಕ್ತದಲ್ಲಿ ಆಲ್ಫಾ-1 ಆಂಟಿಟ್ರಿಪ್ಸಿನ್ ಎಂಬ ಪ್ರೋಟೀನಿನ ಕೊರತೆಯಿರುವವರನ್ನು ಗುರುತಿಸಿದರು. ಈ ಒಂದೇ ವಂಶವಾಹಿಯ ದೋಷ ನಡುವಯಸ್ಸಿಗೇ ಶ್ವಾಸಕೋಶವನ್ನು ಹಾಳುಮಾಡಬಲ್ಲದು. ಆದರೆ ಅದರ ತೀವ್ರ ರೂಪ ಉತ್ತರ ಯುರೋಪ್ ಮೂಲದವರಲ್ಲಿ ಕಾಣುವಷ್ಟು ನಮ್ಮಲ್ಲಿ ಇಲ್ಲ; ತೀರ ವಿರಳ. ಉಳಿದವರ ವಿಷಯದಲ್ಲಿ ಕೆಲಸ ಮಾಡುವುದು ನೂರಾರು ವಂಶವಾಹಿಗಳ ಚಿಕ್ಕ ಚಿಕ್ಕ ಪ್ರಭಾವ. 2023ರಲ್ಲಿ ಪ್ರಕಟವಾದ ಬೃಹತ್ ಅಧ್ಯಯನವೊಂದು 5,80,869 ಜನರ ಮಾಹಿತಿಯನ್ನು ಜಾಲಾಡಿ, ಉಸಿರಾಟದ ಸಾಮರ್ಥ್ಯಕ್ಕೆ ಸಂಬಂಧಿಸಿದ 1,020 ಆನುವಂಶಿಕ ಕುರುಹುಗಳನ್ನು ಪಟ್ಟಿಮಾಡಿತು. ಅಷ್ಟು ಜನರಲ್ಲಿ ದಕ್ಷಿಣ ಏಷ್ಯಾ ಮೂಲದವರು ಕೇವಲ 4,270. ನೂರಕ್ಕೆ ಒಬ್ಬರೂ ಇಲ್ಲ! ಪರರ ಜಮಾಬಂದಿ ನೋಡಿ ನಮ್ಮ ಊರಿನ ಕಂದಾಯ ನಿಗದಿ ಮಾಡಿದಂತೆ.

ಅವಳಿಗಳ ಅಧ್ಯಯನಗಳನ್ನು ಮುಂದಿಟ್ಟು, ಧೂಮಪಾನಿಗಳನ್ನು ಕಾಡುವ ಸಿಒಪಿಡಿಯಂಥ ದೀರ್ಘಕಾಲದ ಶ್ವಾಸರೋಗದಲ್ಲೂ ಆನುವಂಶಿಕತೆಯ ಪಾಲು ಶೇ 60ರಷ್ಟಿದೆ ಎನ್ನುವವರಿದ್ದಾರೆ. ಡೆನ್ಮಾರ್ಕ್ ಮತ್ತು ಸ್ವೀಡನ್ನಿನ ಅವಳಿಗಳಿಂದ 2010ರಲ್ಲಿ ಬಂದ ಅಂದಾಜು ಅದು. ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ನಾನು ಇಲ್ಲೊಂದು ಎಚ್ಚರಿಕೆ ಹೇಳಬೇಕು. ಆ ಶೇಕಡಾವಾರು ಒಬ್ಬ ರೋಗಿಯ ಕಾಯಿಲೆಯನ್ನು ಭಾಗ ಮಾಡುವುದಿಲ್ಲ. ಒಂದು ಸಮಾಜದಲ್ಲಿ ಜನರ ನಡುವೆ ಇರುವ ವ್ಯತ್ಯಾಸವನ್ನು ಭಾಗ ಮಾಡುತ್ತದೆ. ಎಲ್ಲರ ಅಡುಗೆಮನೆಯೂ ಹೆಚ್ಚುಕಡಿಮೆ ಒಂದೇ ತೆರನಾಗಿರುವ ದೇಶದಲ್ಲಿ ಉಳಿದ ವ್ಯತ್ಯಾಸವೆಲ್ಲ ವಂಶವಾಹಿಯ ಲೆಕ್ಕಕ್ಕೇ ಬೀಳುತ್ತದೆ. ಒಂದು ಮನೆಯಲ್ಲಿ ಗ್ಯಾಸ್, ಪಕ್ಕದ ಮನೆಯಲ್ಲಿ ಕುಳ್ಳು ಉರಿಯುವ ಊರಿಗೆ ಅದನ್ನು ಹಾಗೆಯೇ ಎತ್ತಿ ತರಲಾಗದು.

ಇನ್ನು ಅಳತೆಗೋಲಿನ ಪ್ರಶ್ನೆ. ಎತ್ತರ, ವಯಸ್ಸು, ಲಿಂಗಗಳನ್ನು ಸರಿದೂಗಿಸಿದ ಮೇಲೂ ದಕ್ಷಿಣ ಏಷ್ಯಾದವರು ಒಂದು ಸೆಕೆಂಡಿನಲ್ಲಿ ಊದಬಲ್ಲ ಗಾಳಿ, ಉತ್ತರ ಅಮೆರಿಕ ಮತ್ತು ಯುರೋಪಿನವರಿಗಿಂತ ಶೇ 31ರಷ್ಟು ಕಡಿಮೆ ಎಂದು ಹಲವು ದೇಶಗಳಲ್ಲಿ ನಡೆದ ‘ಪ್ಯೂರ್’ ಅಧ್ಯಯನ 2013ರಲ್ಲಿ ವರದಿ ಮಾಡಿತು. ಇದನ್ನು ಜನಾಂಗದ ಸಹಜ ಗುಣ ಎಂದುಕೊಂಡರೆ ನಮ್ಮ ಕೊರತೆಯೇ ನಮ್ಮ ‘ನಾರ್ಮಲ್’ ಆಗಿಬಿಡುತ್ತದೆ. ಯಾರೂ ಉತ್ತರ ಹೇಳಬೇಕಾಗಿಲ್ಲ. ಜನಾಂಗ ನೋಡಿ ಅಳತೆ ಬದಲಿಸುವ ಈ ಪದ್ಧತಿಯನ್ನು ಕೈಬಿಡುವಂತೆ ಅಮೆರಿಕದ ಥೊರಾಸಿಕ್ ಸೊಸೈಟಿಯೇ 2023ರಲ್ಲಿ ಶಿಫಾರಸು ಮಾಡಿದೆ.

ಕೊರತೆಗೆ ಬೇರೆ ಮೂಲಗಳಿವೆ ಎಂಬುದಕ್ಕೆ ಸಾಕ್ಷ್ಯ ನಮ್ಮ ಮೈಸೂರಿನಲ್ಲೇ ಇದೆ. ಅಲ್ಲಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆ 1934ರಿಂದ ಶಿಶುಗಳ ತೂಕವನ್ನು ಶ್ರದ್ಧೆಯಿಂದ ದಾಖಲಿಸಿಟ್ಟಿತ್ತು. ಹಾಗೆ ಹುಟ್ಟಿದ 286 ಮಂದಿಯನ್ನು ನಡುವಯಸ್ಸಿನಲ್ಲಿ ಹುಡುಕಿ ಉಸಿರಾಟ ಪರೀಕ್ಷೆ ಮಾಡಿದಾಗ, ಹುಟ್ಟುವಾಗ ಕಡಿಮೆ ತೂಕವಿದ್ದವರ ಶ್ವಾಸಕೋಶದ ಸಾಮರ್ಥ್ಯವೂ ಕಡಿಮೆ ಎಂದು ಕಂಡುಬಂತು. ಫಲಿತಾಂಶ ಪ್ರಕಟವಾದದ್ದು 1997ರಲ್ಲಿ. ಬಸುರಿಯ ತಟ್ಟೆಯಲ್ಲಿ ಏನಿತ್ತು ಎಂಬುದು ಮಗುವಿನ ಎದೆಯಲ್ಲಿ ಐವತ್ತು ವರ್ಷ ಉಳಿಯಬಹುದು; ಹೊರಗಿನಿಂದ ನೋಡುವವರಿಗೆ ಅದೂ ‘ವಂಶ’ದಂತೆಯೇ ಕಾಣುತ್ತದೆ. ಮೈಸೂರು ಜಿಲ್ಲೆಯ ಹಳ್ಳಿಗಳಲ್ಲೇ ನಡೆದ ಇನ್ನೊಂದು ಅಧ್ಯಯನ 2013ರಲ್ಲಿ ಸರಳವಾದ ಲೆಕ್ಕವೊಂದನ್ನು ಕೊಟ್ಟಿತು. ದಿನಕ್ಕೆ ಒಲೆಯ ಮುಂದೆ ಕಳೆಯುವ ಗಂಟೆಗಳನ್ನು ವರ್ಷಗಳಿಂದ ಗುಣಿಸಬೇಕು. ಗುಣಲಬ್ಧ 60 ಮುಟ್ಟಿದರೆ ದೀರ್ಘಕಾಲದ ಕೆಮ್ಮು-ಕಫದ ಅಪಾಯ ಆರಂಭ. ರಟ್ಟೀಹಳ್ಳಿಯ ಆ ತಾಯಿ ದಿನಕ್ಕೆ ನಾಲ್ಕು ಗಂಟೆಯಂತೆ ಮೂವತ್ತು ವರ್ಷ ಅಡುಗೆ ಮಾಡಿದ್ದರೂ ಲೆಕ್ಕ 120.

‘ವಂಶ’ ಎಂಬ ಪದ ನಿರುಪದ್ರವಿಯಲ್ಲ. ಆನುವಂಶಿಕ ಕಾಯಿಲೆ ಎಂಬ ಷರತ್ತನ್ನೇ ಮುಂದಿಟ್ಟು ವಿಮೆ ನಿರಾಕರಿಸುವುದು ತಾರತಮ್ಯ ಎಂದು, ಹೃದ್ರೋಗಿಯೊಬ್ಬರ ಪ್ರಕರಣದಲ್ಲಿ ದೆಹಲಿ ಹೈಕೋರ್ಟ್ 2018ರಲ್ಲಿ ಹೇಳಬೇಕಾಯಿತು. ಕಡತದಲ್ಲಿ ಆ ಪದ ಬಿದ್ದರೆ ಮುಂದಿನ ವಿಚಾರಣೆ ನಿಂತುಹೋಗುತ್ತದೆ, ನಾನೇ ನಿಲ್ಲಿಸಿದವನು.

ವಂಶವಾಹಿ ಸಂಶೋಧನೆ ಬೇಡವೆಂದಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮಿದುಳು ಸಂಶೋಧನಾ ಕೇಂದ್ರ ಸಮನ್ವಯಿಸಿದ ‘ಜೀನೋಮ್ ಇಂಡಿಯಾ’ ಯೋಜನೆ ಸುಮಾರು 10,000 ಭಾರತೀಯರ ಜೀನೋಮ್ ಓದಿದ್ದು, ಅದರ ಮಾಹಿತಿ 2025ರ ಜನವರಿಯಲ್ಲಿ ಸಂಶೋಧಕರಿಗೆ ತೆರೆದುಕೊಂಡಿತು. ಪರರ ಜಮಾಬಂದಿಯ ಅವಲಂಬನೆ ಇದರಿಂದ ತಗ್ಗೀತು. ಆದರೆ ಎದುರಿಗೆ ಎದೆಯ ಬಲ, ಒಲೆಯ ಲೆಕ್ಕ, ಹುಟ್ಟಿದಾಗಿನ ತೂಕ ಇಲ್ಲದೆ ಬರೀ ಜೀನೋಮ್ ಓದಿದರೆ ಏನು ತಿಳಿದೀತು? 2016ರಲ್ಲಿ ದೇಶದಲ್ಲಿ ಸುಮಾರು 5.5 ಕೋಟಿ ಸಿಒಪಿಡಿ ರೋಗಿಗಳಿದ್ದರೆಂಬ ಅಂದಾಜಿದೆ. ಆ ಅಂದಾಜು ಮಾಡಿದವರೇ ರೋಗದ ಹೊರೆಯಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಮನೆಯೊಳಗಿನ ಮತ್ತು ಹೊರಗಿನ ವಾಯುಮಾಲಿನ್ಯಕ್ಕೂ, ಕಾಲು ಭಾಗವನ್ನು ತಂಬಾಕಿಗೂ ಜಮಾ ಮಾಡಿದ್ದಾರೆ.

ಇದಕ್ಕೆ ಹೊಸ ಇಲಾಖೆ ಬೇಕಾಗಿಲ್ಲ. ಮೂವತ್ತು ದಾಟಿದವರ ಮನೆಮನೆಗೆ ಹೋಗಿ ಆಶಾ ಕಾರ್ಯಕರ್ತೆ ತುಂಬುವ ನಮೂನೆಯಲ್ಲಿ ಏದುಸಿರು ಇದೆಯೇ, ಅಡುಗೆಗೆ ಯಾವ ಇಂಧನ ಎಂಬ ಪ್ರಶ್ನೆಗಳು ಈಗಾಗಲೇ ಇವೆ. ದಿನಕ್ಕೆ ಎಷ್ಟು ಗಂಟೆ, ಎಷ್ಟು ವರ್ಷ ಎಂಬ ಎರಡು ಅಂಕಣ ಸೇರಿಸಿ, 60 ದಾಟಿದವರನ್ನು ತಾಲ್ಲೂಕು ಆಸ್ಪತ್ರೆಗೆ ಕಳುಹಿಸಬೇಕು. ಅಲ್ಲಿ ಒಂದು ಸ್ಪೈರೋಮೀಟರ್, ಅದನ್ನು ಊದಿಸಲು ಬಲ್ಲ ಒಬ್ಬ ತಂತ್ರಜ್ಞ ಇರಬೇಕು. ಹಾವೇರಿ ಜಿಲ್ಲೆಯ ಯಾವುದಾದರೂ ಒಂದು ತಾಲ್ಲೂಕಿನಲ್ಲಿ ಒಂದು ವರ್ಷ ಇದನ್ನು ಮಾಡಿ ನೋಡಬಹುದು. ರಟ್ಟೀಹಳ್ಳಿಯೇ ಆದರೆ ನನ್ನ ಹಳೆಯ ವರದಿಗೊಂದು ತಿದ್ದುಪಡಿ ಸಿಕ್ಕೀತು.