ನೆರವಿನ ನಕಾಶೆಗೆ ನುಡಿಯ ನೆಲೆ

ವಿಪತ್ತಿನ ನೆಲದಲ್ಲಿ ದುಡಿಯುವ ಪರಿಹಾರ ಕಾರ್ಯಕರ್ತರಿಗೆ ತಂತ್ರಜ್ಞಾನದ ತರಬೇತಿ ಬೇಕೆಂಬುದನ್ನು ಇಂದು ಯಾರೂ ಅಲ್ಲಗಳೆಯರು. ಅದು ಯಾರಿಗೆ, ಯಾವಾಗ, ಯಾವ ಭಾಷೆಯಲ್ಲಿ ದೊರೆಯಬೇಕೆಂಬುದೇ ಚರ್ಚಾರ್ಹ ವಿಷಯ. ವಿಪತ್ತು ಬಂದೆರಗುವ ಮೊದಲೇ, ಆ ನೆಲದವರಿಗೇ, ಅವರ ನುಡಿಯಲ್ಲಿಯೇ ದೊರೆಯಬೇಕೆಂಬುದು ನನ್ನ ಅಭಿಮತ.

2010ರ ಜನವರಿ 12ರಂದು ಹೈಟಿ ದೇಶದ ರಾಜಧಾನಿ ಪೋರ್ಟ್-ಒ-ಪ್ರಿನ್ಸ್ ಭೂಕಂಪಕ್ಕೆ ತುತ್ತಾಯಿತು. ಆ ನಗರದ ಸಮರ್ಪಕವಾದ ಡಿಜಿಟಲ್ ನಕಾಶೆ ಆಗ ಇರಲಿಲ್ಲ. ದೂರದೇಶಗಳ ಸ್ವಯಂಸೇವಕರು ಉಪಗ್ರಹ ಚಿತ್ರಗಳನ್ನು ನೋಡಿ ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಬೀದಿಗಳನ್ನು ಗುರುತಿಸಿದರು. ಸಂತ್ರಸ್ತರು 4636 ಎಂಬ ಸಂಖ್ಯೆಗೆ ಮೊಬೈಲ್ ಸಂದೇಶಗಳನ್ನು ಕಳುಹಿಸಿದರು. ಅವುಗಳಲ್ಲಿ ಹೆಚ್ಚಿನವು ಹೈಟಿಯ ಕ್ರಿಯೋಲ್ ನುಡಿಯಲ್ಲಿದ್ದವು. ಹೊರಗಿನಿಂದ ಬಂದ ಪಡೆಗಳಿಗೆ ಆ ನುಡಿ ತಿಳಿಯದು. ಕ್ರಿಯೋಲ್ ಬಲ್ಲವರು, ವಿದೇಶಗಳಲ್ಲಿ ನೆಲೆಸಿದ್ದ ಹೈಟಿಯನ್ನರೂ ಸೇರಿ, ಅವನ್ನು ಅನುವಾದಿಸಿ ಸ್ಥಳಗಳನ್ನು ಗುರುತಿಸಿಕೊಟ್ಟ ಬಳಿಕವೇ ಅವು ಪ್ರಯೋಜನಕ್ಕೆ ಬಂದವು.

ನೇಪಾಳದ ಅನುಭವ ಬೇರೆ. ಕಠ್ಮಂಡು ಕಣಿವೆಯ ಶಾಲೆಗಳನ್ನೂ ಆಸ್ಪತ್ರೆಗಳನ್ನೂ ಇದೇ ನಕಾಶೆಗೆ ಸೇರಿಸುವ ಕೆಲಸದಲ್ಲಿ ಅಲ್ಲಿನ ವಿದ್ಯಾರ್ಥಿಗಳು ಮೊದಲೇ ಪಳಗಿದ್ದರು. ಕಠ್ಮಂಡು ಲಿವಿಂಗ್ ಲ್ಯಾಬ್ಸ್ ಎಂಬ ಸ್ಥಳೀಯ ಸಂಸ್ಥೆ ಆ ಕಾರ್ಯವನ್ನು ಮುಂದುವರಿಸಿತ್ತು. 2015ರ ಏಪ್ರಿಲ್ 25ರಂದು ಭೂಮಿ ನಡುಗಿದಾಗ ನಕಾಶೆಯೂ ಇತ್ತು, ಅದನ್ನು ತಿದ್ದಬಲ್ಲ ಕೈಗಳೂ ಅಲ್ಲಿಯೇ ಇದ್ದವು. ಜಗತ್ತಿನ ಸಾವಿರಾರು ಸ್ವಯಂಸೇವಕರ ಶ್ರಮಕ್ಕೆ ಅಲ್ಲಿಯವರ ನೆಲದರಿವು ಜೊತೆಗೂಡಿತು.

ತಂತ್ರಾಂಶಗಳೆಲ್ಲ ಇಂಗ್ಲಿಷಿನಲ್ಲಿರುವಾಗ ತರಬೇತಿಯೂ ಇಂಗ್ಲಿಷಿನಲ್ಲಿದ್ದರೆ ಸಾಲದೇ ಎಂದು ಕೆಲವರು ಕೇಳಬಹುದು. ಗುಂಡಿಯೊತ್ತುವುದನ್ನು ಕಲಿಸಲು ಅಷ್ಟು ಸಾಕು. ಆದರೆ ನೆರೆಯಲ್ಲಿ ಸಿಲುಕಿದ ವೃದ್ಧೆ ತನ್ನ ಮನೆಯ ದಾರಿಯನ್ನು ಹೇಳುವುದು ತನ್ನ ನುಡಿಯಲ್ಲಿ. ಅದನ್ನು ಕೇಳಿಸಿಕೊಂಡು ನಕಾಶೆಗೆ ಇಳಿಸುವವನಿಗೆ ಎರಡೂ ವಿದ್ಯೆಗಳು ಬೇಕು.

ಗಡಿನಾಡಿನ ಕನ್ನಡ ವಿದ್ಯಾರ್ಥಿಗಳಾದ ನಮಗೆ ಇದು ಹೊರಗಿನ ಮಾತಲ್ಲ. ಕಾಸರಗೋಡು ಜಿಲ್ಲೆಯಲ್ಲಿ ಕನ್ನಡಿಗರು ಹೊಸದುರ್ಗವೆನ್ನುವ ಪೇಟೆ ರೈಲು ನಿಲ್ದಾಣದ ಫಲಕದಲ್ಲಿ ಕಾಞಂಗಾಡ್. ಮೇಲ್ಭಾಗದಲ್ಲಿ ಪಯಸ್ವಿನಿಯೆನಿಸುವ ಹೊಳೆ ಕಡಲ ಬಳಿ ಚಂದ್ರಗಿರಿ. ಒಂದೇ ಹೆಸರನ್ನು ಬಲ್ಲ ರಕ್ಷಕನು ದಾರಿ ತಪ್ಪುವುದು ಅಸಂಭವವೇನಲ್ಲ. ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಒಂದು ಸ್ಥಳಕ್ಕೆ ಹಲವು ಭಾಷೆಗಳ ಹೆಸರುಗಳನ್ನು ದಾಖಲಿಸುವ ಅವಕಾಶವಿದೆ. ಸ್ಥಳನಾಮಗಳ ಅಧ್ಯಯನ ನಮ್ಮ ಶಾಸ್ತ್ರದ್ದೇ ಒಂದು ಅಂಗ. ಪ್ರತಿಯೊಬ್ಬ ವಿದ್ಯಾರ್ಥಿಯೂ ತನ್ನ ಊರಿನ ಹೊಳೆ, ಕಾಲುಸಂಕ, ಶಾಲೆ, ಚಿಕಿತ್ಸಾಲಯಗಳ ಹೆಸರುಗಳನ್ನು ಹಿರಿಯರಿಂದ ಕೇಳಿ, ಮುಂದಿನ ಮಳೆಗಾಲಕ್ಕೆ ಮುನ್ನ ನಕಾಶೆಗೆ ಸೇರಿಸಲಿ. ವಿಭಾಗವು ಇದಕ್ಕೆ ಒಂದು ದಿನದ ಕಮ್ಮಟವನ್ನು ಏರ್ಪಡಿಸಲಿ.